ಗುಡ್ಡದ ಮೇಲೆ ಸೌರಫಲಕ, ಮನೆಯಲ್ಲಿ ಕುಂದಿದ ವೋಲ್ಟೇಜ್: ಬಾಯಾರಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಸೌರವಿದ್ಯುತ್ತಿನ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಹೆಸರು ಹಾಕಬಾರದೆಂದು ತಾವು ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಹೇಳಿದ್ದೇನೆ. ಪತ್ರವನ್ನು ಪೂರ್ತಿಯಾಗಿ ಅಚ್ಚುಹಾಕಲು ಪುಟಗಳಿಲ್ಲದ ಕಾರಣ ಇತರ ಓದುಗರಿಗಾಗಿ ಅದರ ಸಾರವನ್ನು ಇಲ್ಲಿ ಕೊಡುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೈವಳಿಕೆ ಸುತ್ತಿನ ಪದವುಗಳಲ್ಲಿ (ಗುಡ್ಡದ ಮೇಲಿನ ಬಯಲುಗಳಲ್ಲಿ) ಎಕರೆಗಟ್ಟಲೆ ಫಲಕಗಳನ್ನು ಹಾಸಿದ್ದರೂ ಬೇಸಗೆಯ ಸಂಜೆ ತಮ್ಮ ತೋಟದ ಪಂಪು ಗುಂಯ್‌ಗುಟ್ಟಿ ನಿಲ್ಲುತ್ತದೆ ಎಂದಿದ್ದೀರಿ. ಇಷ್ಟೆಲ್ಲ ಆದರೂ ದೇಶದಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆಯಲ್ಲ, ಹಾಗಾದರೆ ಇದು ತೋರಿಕೆಯ ಕೆಲಸವಲ್ಲವೇ ಎಂದು ಕೇಳಿದ್ದೀರಿ. ವಿಟ್ಲದ ಕಡೆಯ ತಮ್ಮ ಬಂಧುಗಳ ಅಡಿಕೆ ತೋಟದ ಮೇಲೆ ಹೈಟೆನ್ಷನ್ ತಂತಿ ಹಾದುಹೋಗುವ ಭಯವನ್ನು ಬರೆದು, ‘ಇಂಗಾಲ ತಗ್ಗಿಸಿದ ಕೀರ್ತಿ ಪಟ್ಟಣದವರಿಗೆ, ಅದರ ಖರ್ಚು ನಮ್ಮ ಗುಡ್ಡಕ್ಕೆ ಮತ್ತು ತೋಟಕ್ಕೆ’ ಎಂದಿದ್ದೀರಿ. ಕೊನೆಯಲ್ಲಿ, ತಮ್ಮ ಮನೆಯ ಮಾಡಿಗೂ (ಸೂರಿಗೂ) ಐದು ಅಶ್ವಶಕ್ತಿಯ ಪಂಪಿಗೂ ಸೋಲಾರ್ ಹಾಕಿಸಬೇಕೋ ಬೇಡವೋ ಎಂದು ನೇರವಾಗಿ ಕೇಳಿದ್ದೀರಿ.

ವೋಲ್ಟೇಜಿನ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಅಸಮಾಧಾನಕ್ಕೆಲ್ಲ ಅದೇ ಬೇರು ಎಂದು ಪತ್ರ ಓದುವಾಗ ನನಗನಿಸಿತು. ಪೈವಳಿಕೆ, ಮೀಂಜ ಮತ್ತು ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಸಾರ್ವಜನಿಕ ವಲಯದ ಟಿಎಚ್‌ಡಿಸಿ ವಿದ್ಯುತ್ ಸಂಸ್ಥೆ ಕಟ್ಟಿದ 50 ಮೆಗಾವ್ಯಾಟ್ ಘಟಕವನ್ನು 2021ರ ಫೆಬ್ರವರಿ 19ರಂದು ಪ್ರಧಾನಿಯವರು ಉದ್ಘಾಟಿಸಿದರು. ಅಲ್ಲಿ ಹುಟ್ಟುವ ವಿದ್ಯುತ್ತು ಹೆಚ್ಚಿನ ಒತ್ತಡಕ್ಕೆ ಏರಿ ರಾಜ್ಯದ ಜಾಲವನ್ನು ಸೇರುತ್ತದೆಯೇ ಹೊರತು ಗುಡ್ಡದಿಂದಿಳಿದು ತಮ್ಮ ಮನೆಗೆ ಬರುವುದಿಲ್ಲ. ತಮ್ಮ ಪಂಪಿನ ಹಣೆಬರಹ ನಿರ್ಧಾರವಾಗುವುದು ಹತ್ತಿರದ ಟ್ರಾನ್ಸ್‌ಫಾರ್ಮರಿನಿಂದ ತೋಟದ ಶೆಡ್ಡಿನವರೆಗಿನ ತಂತಿಯಲ್ಲಿ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿಲ್ಲ. ಒಂದೊಂದು ಮನೆ ಒಂದೊಂದು ಕಣಿವೆಯಲ್ಲಿ, ನಡುವೆ ಗದ್ದೆ, ತೋಡು, ಗುಡ್ಡ. ಹೀಗಾಗಿ ಕಡಿಮೆ ಒತ್ತಡದ ತಂತಿ ಬಹು ದೂರ ಓಡುತ್ತದೆ, ಓಡಿದಷ್ಟೂ ಒತ್ತಡ ಸೋರುತ್ತದೆ. ಡಿಸೆಂಬರಿನಿಂದ ಮೇ ತನಕ ಆ ಒಂದೇ ತಂತಿಯಲ್ಲಿ ಹತ್ತಾರು ಪಂಪುಗಳು ಒಟ್ಟಿಗೆ ಚಾಲೂ ಆದಾಗ ತುದಿಯ ಮನೆಯವರಿಗೆ ಉಳಿಯುವುದು ಅಲ್ಪ. ಒತ್ತಡ ಕಡಿಮೆಯಾದಾಗ ಮೋಟಾರು ಹೆಚ್ಚು ಕರೆಂಟನ್ನು ಎಳೆದು ಬಿಸಿಯಾಗುತ್ತದೆ, ಒಳಗಿನ ಕಾಯಿಲ್ (ತಂತಿಸುರುಳಿ) ಸುಡುತ್ತದೆ, ರಿವೈಂಡಿಂಗಿನ ಖರ್ಚು ಕೃಷಿಕನ ತಲೆಗೆ ಬೀಳುತ್ತದೆ. ಇದಕ್ಕೆ ಮದ್ದು ಇನ್ನೊಂದು ಟ್ರಾನ್ಸ್‌ಫಾರ್ಮರ್, ಹತ್ತಿರದವರೆಗೆ ತಂದ ಹನ್ನೊಂದು ಕೆವಿ (ಕಿಲೋವೋಲ್ಟ್) ಲೈನು, ದಪ್ಪನೆಯ ತಂತಿ. ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನಲ್ಲಿ ಒಬ್ಬರು ಹೋಗಿ ಮೌಖಿಕವಾಗಿ ದೂರಿದರೆ ಆಗುವ ಕೆಲಸ ಇದಲ್ಲ. ಒಂದೇ ಟ್ರಾನ್ಸ್‌ಫಾರ್ಮರಿನ ಬಳಕೆದಾರರೆಲ್ಲ ಸೇರಿ, ಯಾವ ಹೊತ್ತಿನಲ್ಲಿ ಎಷ್ಟು ವೋಲ್ಟೇಜ್ ಇತ್ತು ಎಂದು ಕೆಲವು ದಿನ ಬರೆದಿಟ್ಟು, ಲಿಖಿತವಾಗಿ ಕೊಟ್ಟಾಗಲೇ ಅದು ಕಡತವಾಗುತ್ತದೆ.

ಇಷ್ಟು ಹೇಳಿದ ಮೇಲೂ ತಮ್ಮ ಪ್ರಶ್ನೆಯ ಒಂದು ಪಾಲು ಉಳಿಯುತ್ತದೆ. ಗುಡ್ಡ ಕೊಟ್ಟ ಊರಿಗೇ ಏಕೆ ಒಳ್ಳೆಯ ಲೈನು ಮೊದಲು ಬರಲಿಲ್ಲ? ಘಟಕವನ್ನು ಮಂಜೂರು ಮಾಡಿದ ದಿನವೇ ಸುತ್ತಲಿನ ಗ್ರಾಮಗಳ ವಿತರಣಾ ಜಾಲವನ್ನು ಸರಿಪಡಿಸುವುದನ್ನು ಕರಾರಿನಲ್ಲಿ ಸೇರಿಸಬಹುದಿತ್ತು. ಸೇರಿಸಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ. ಸೌರವಿದ್ಯುತ್ತು ಬೇಕೋ ಬೇಡವೋ ಎಂಬ ವಾದದಲ್ಲಿ ನಾವು ಕಾಲ ಕಳೆಯುತ್ತಿರುವಾಗ ಅದು ಯಾವ ಕರಾರಿನ ಮೇಲೆ ಬರಬೇಕು ಎಂಬುದನ್ನು ಬೇರೆಯವರು ಬರೆದು ಮುಗಿಸಿರುತ್ತಾರೆ.

ಕಲ್ಲಿದ್ದಲಿನ ಬಗ್ಗೆ ತಾವು ಬರೆದದ್ದು ಸಂಗತಿಯ ಮಟ್ಟಿಗೆ ಸರಿ. 2025ರ ಜೂನ್ ಹೊತ್ತಿಗೆ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು ಮತ್ತು ಅನಿಲವಲ್ಲದ ಮೂಲಗಳದ್ದಾಯಿತು ಎಂದು ಸರ್ಕಾರ ಪ್ರಕಟಿಸಿತು. ಆದರೂ ನಾವು ಬಳಸುವ ಯೂನಿಟ್‌ಗಳಲ್ಲಿ ಶೇ 70ರ ಆಸುಪಾಸು ಇಂದಿಗೂ ಕಲ್ಲಿದ್ದಲಿನದೇ, ಮತ್ತು 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಬಾರಿಗೆ 100 ಕೋಟಿ ಟನ್ ದಾಟಿತು. ಇವೆರಡೂ ಒಟ್ಟಿಗೆ ನಿಜವಾಗಿರಲು ಕಾರಣ ಸರಳ: ಒಂದು ಮೆಗಾವ್ಯಾಟ್ ಕಲ್ಲಿದ್ದಲು ಯಂತ್ರ ರಾತ್ರಿಹಗಲು ತಿರುಗಬಲ್ಲದು, ಒಂದು ಮೆಗಾವ್ಯಾಟ್ ಸೌರಫಲಕ ಮೋಡ, ಮಳೆ, ಇರುಳು ಎಲ್ಲ ಕಳೆದು ಅದರ ಐದನೇ ಒಂದು ಪಾಲು ಕೊಟ್ಟರೆ ಹೆಚ್ಚು. ಪೈವಳಿಕೆಯದನ್ನೇ ಲೆಕ್ಕ ಹಾಕಿ ನೋಡೋಣ. ನಮ್ಮ ಮಳೆಗಾಲವನ್ನು ಗಣನೆಗೆ ತೆಗೆದುಕೊಂಡರೆ 50 ಮೆಗಾವ್ಯಾಟ್ ಘಟಕದಿಂದ ವರ್ಷಕ್ಕೆ ಸುಮಾರು ಏಳೆಂಟು ಕೋಟಿ ಯೂನಿಟ್ ನಿರೀಕ್ಷಿಸಬಹುದು. 2024ರ ಮೇ ಆರಂಭದ ಸೆಕೆಯಲ್ಲಿ ಕೇರಳ ಒಂದೇ ದಿನ 11 ಕೋಟಿ ಯೂನಿಟ್‌ಗೂ ಮೀರಿ ಬಳಸಿತು. 250 ಎಕರೆ ಗುಡ್ಡದ ಒಂದು ವರ್ಷದ ದುಡಿಮೆ ರಾಜ್ಯದ ಒಂದು ದಿನಕ್ಕೂ ಸಾಲದು. ಈ ಲೆಕ್ಕ ನೋಡಿ ಕೈಚೆಲ್ಲಬೇಕಾಗಿಲ್ಲ, ಆದರೆ ಗುಡ್ಡಗಳನ್ನು ಒಂದರ ಹಿಂದೆ ಒಂದರಂತೆ ಹಾಸುತ್ತ ಹೋಗುವುದೊಂದೇ ದಾರಿ ಎಂದುಕೊಂಡವರು ಇದನ್ನು ನೋಡಲೇಬೇಕು.

ಆದರೂ ಇದು ತೋರಿಕೆಯ ಕೆಲಸ ಎಂಬುದನ್ನು ನಾನು ಒಪ್ಪುವುದಿಲ್ಲ. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಗಾಳಿಯ ಪರಿಣಾಮ ಈಗ ನಮ್ಮ ಅಂಗಳಕ್ಕೇ ಬಂದಿದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳನ್ನು ಕೊಚ್ಚಿಕೊಂಡು ಹೋದ ಆ ಮಳೆ, ಭೂಮಿ ಬಿಸಿಯಾಗದೇ ಇದ್ದಿದ್ದರೆ ಆಗಬಹುದಾಗಿದ್ದುದಕ್ಕಿಂತ ಸುಮಾರು ಶೇ 10ರಷ್ಟು ಹೆಚ್ಚು ತೀವ್ರವಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬಿಡುವಿಲ್ಲದ ಮಳೆಯಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಲು ಹೊತ್ತು ಸಿಗದೆ ಕೊಳೆರೋಗಕ್ಕೆ ಗೊನೆಗಳನ್ನು ಕಳೆದುಕೊಂಡ ತಮಗೆ, ಮಳೆಯ ಲಯ ತಪ್ಪಿದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಇನ್ನೊಂದು ಮಾತನ್ನು ತುಸು ಕಟುವಾಗಿಯೇ ಹೇಳಬೇಕಾಗಿದೆ. ಖರ್ಚೆಲ್ಲ ನಮ್ಮ ಗುಡ್ಡಕ್ಕೆ ಎಂದಿರಿ. ಕೇರಳದಲ್ಲಿ ಒಂದೂ ಕಲ್ಲಿದ್ದಲು ಸ್ಥಾವರವಿಲ್ಲ. ಇಡುಕ್ಕಿಯಂಥ ಜಲವಿದ್ಯುತ್ ಯೋಜನೆಗಳಿಂದ ಬಂದದ್ದು ಸಾಲದೆ ಬೇಕಾದುದರ ಬಹುಪಾಲನ್ನು ಹೊರಗಿನಿಂದ ತರುತ್ತೇವೆ. ಇಷ್ಟು ವರ್ಷ ನಮ್ಮ ಸಂಜೆಯ ದೀಪ ಉರಿದದ್ದು ತೆಲಂಗಾಣದ ರಾಮಗುಂಡಂ, ಒಡಿಶಾದ ತಾಲ್ಚೇರ್‌ಗಳಂಥ ಊರುಗಳಲ್ಲಿ ಉರಿದ ಕಲ್ಲಿದ್ದಲಿನಿಂದಲೂ ಹೌದು. ಅಲ್ಲಿನ ಬೂದಿಯ ಕೆರೆಗಳ ಪಕ್ಕದಲ್ಲಿ ಬದುಕುವವರು ನಮ್ಮ ಪರವಾಗಿ ಖರ್ಚು ಕೊಡುತ್ತಲೇ ಬಂದಿದ್ದಾರೆ, ಅವರ ಪತ್ರ ನಮಗೆ ಬಂದಿಲ್ಲ ಅಷ್ಟೆ. ಅಷ್ಟು ದೂರವೇಕೆ, ಉಡುಪಿಯ ನಂದಿಕೂರಿನ 1,200 ಮೆಗಾವ್ಯಾಟ್ ಸ್ಥಾವರ ಸಮುದ್ರದಾಚೆಯಿಂದ ತಂದ ಕಲ್ಲಿದ್ದಲನ್ನು ಉರಿಸುವುದು ನಮ್ಮ ಗಡಿಯಿಂದ ಕೆಲವೇ ಗಂಟೆಯ ದಾರಿಯಲ್ಲಿ. ವಿದ್ಯುತ್ತು ಎಲ್ಲಿಯೂ ಪುಕ್ಕಟೆಯಲ್ಲ. ಯಾರು ಎಷ್ಟು ಕೊಡುತ್ತಾರೆ, ಕೊಟ್ಟವರಿಗೆ ಏನು ಸಿಗುತ್ತದೆ ಎಂಬುದಷ್ಟೇ ನಾವು ಹಿಡಿಯಬೇಕಾದ ಪ್ರಶ್ನೆ.

ಸಂಜೆಯ ವಿಚಾರಕ್ಕೆ ಬರುತ್ತೇನೆ. ಮಧ್ಯಾಹ್ನದ ಸೌರವಿದ್ಯುತ್ತು ಈಗ ಅಗ್ಗ. 2010ರಲ್ಲಿ ರಾಷ್ಟ್ರೀಯ ಸೌರ ಅಭಿಯಾನ ಶುರುವಾದಾಗ ಯೂನಿಟ್ಟಿಗೆ ಹತ್ತು ರೂಪಾಯಿಗೂ ಮೀರಿದ್ದ ದರ 2017ರ ಹೊತ್ತಿಗೆ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಇಳಿಯಿತು. ಆದರೆ ಕೇರಳಕ್ಕೆ ವಿದ್ಯುತ್ತು ಹೆಚ್ಚು ಬೇಕಾಗುವುದು ಹೊತ್ತು ಮುಳುಗಿದ ಮೇಲೆ. 2024ರ ಮೇ ತಿಂಗಳಲ್ಲಿ ಬೇಡಿಕೆ 5,700 ಮೆಗಾವ್ಯಾಟ್ ದಾಟಿದ್ದು ರಾತ್ರಿ ಊಟದ ಹೊತ್ತೂ ಕಳೆದ ನಂತರ, ಎಸಿಗಳು ಓಡುತ್ತಿದ್ದ ಮತ್ತು ವಿದ್ಯುತ್ ವಾಹನಗಳನ್ನು ಚಾರ್ಜಿಗೆ ಹಾಕಿದ್ದ ಸಮಯದಲ್ಲಿ. ತಿಂಗಳಿಗೆ 250 ಯೂನಿಟ್‌ಗಿಂತ ಹೆಚ್ಚು ಬಳಸುವ ಮನೆಗಳಿಗೆ 2025ರ ಜನವರಿಯಿಂದ ಹಗಲಿನಲ್ಲಿ ಶೇ 10 ಕಡಿಮೆ, ಸಂಜೆ ಆರರಿಂದ ಹತ್ತರವರೆಗೆ ಶೇ 25 ಹೆಚ್ಚು ದರ ನಿಗದಿಯಾದದ್ದು ಇದೇ ಕಾರಣಕ್ಕೆ. ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ಉಳಿಸುವ ಉಪಾಯವಾಗಿ ನಮ್ಮ ಜಿಲ್ಲೆಯ ಮೈಲಾಟ್ಟಿ ಉಪಕೇಂದ್ರದಲ್ಲಿ 125 ಮೆಗಾವ್ಯಾಟ್ ಸಾಮರ್ಥ್ಯದ, ನಾಲ್ಕು ಗಂಟೆ ಕಾಲ ವಿದ್ಯುತ್ತು ಕೊಡಬಲ್ಲ ಬ್ಯಾಟರಿ ಘಟಕವನ್ನು ಯೋಜಿಸಲಾಗಿದೆ. ಒಮ್ಮೆ ತುಂಬಿದರೆ ಐದು ಲಕ್ಷ ಯೂನಿಟ್. ರಾಜ್ಯದ ಗರಿಷ್ಠ ಬೇಡಿಕೆಯ ಶೇ 2ರಷ್ಟು. ಸಣ್ಣದು ನಿಜ, ಆದರೆ ಕಲ್ಲಿದ್ದಲನ್ನು ನಿಜವಾಗಿ ಹಿಂದೆ ಸರಿಸುವುದು ಇನ್ನಷ್ಟು ಫಲಕಗಳಿಗಿಂತ ಹೆಚ್ಚಾಗಿ ಇಂಥ ಸಂಗ್ರಹವೇ. ನೀರನ್ನು ಮೇಲಕ್ಕೆತ್ತಿ ಸಂಗ್ರಹಿಸುವ ದಾರಿಯೂ ಇದೆ. ಶರಾವತಿಯಲ್ಲಿ 2,000 ಮೆಗಾವ್ಯಾಟಿನ ಅಂಥ ಯೋಜನೆಗೆ ಸಿಂಗಳೀಕಗಳ ಕಾಡಿನ ಪ್ರಶ್ನೆ ಅಡ್ಡಬಂದಿದೆ, ಬರಬೇಕಾದದ್ದೇ.

ಇನ್ನು ತಮ್ಮ ಬಂಧುಗಳ ತೋಟ. ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿದ್ದು ಈ ಭಾಗ. ಉಡುಪಿಯಿಂದ ಕಾಸರಗೋಡು ಜಿಲ್ಲೆಯ ಕರಿಂದಳಕ್ಕೆ 400 ಕೆವಿ ಮಾರ್ಗವನ್ನು ಎಳೆಯುವ ಯೋಜನೆಗೆ ದಕ್ಷಿಣ ಕನ್ನಡದ ಕೃಷಿಕರು ವರ್ಷಗಳಿಂದ ವಿರೋಧ ಸೂಚಿಸುತ್ತಿದ್ದಾರೆ. ಮಾರ್ಗಗಳೇ ಬೇಡವೆನ್ನಲು ಬರುವುದಿಲ್ಲ; ರಾಜಸ್ಥಾನದಲ್ಲಿ ಸಾಗಿಸಲು ತಂತಿ ಸಾಲದೆ ಮಧ್ಯಾಹ್ನದ ಸೌರ ಉತ್ಪಾದನೆಯನ್ನೇ ತಗ್ಗಿಸಬೇಕಾದ ಸ್ಥಿತಿ 2025ರಲ್ಲಿ ಬಂದಿತ್ತು. ಒಂದು ಕಡೆಯ ಬಿಸಿಲು, ಇನ್ನೊಂದು ಕಡೆಯ ಗಾಳಿ, ಮತ್ತೊಂದು ಕಡೆಯ ನೀರು ಇವುಗಳನ್ನು ಕೂಡಿಸಿ ಬಳಸಬೇಕಾದರೆ ದೂರದ ತಂತಿಗಳು ಬೇಕೇ ಬೇಕು. ಆದರೆ ನಷ್ಟವನ್ನು ಲೆಕ್ಕ ಹಾಕುವ ಕ್ರಮ ಅಡಿಕೆ ತೋಟವನ್ನು ಅರಿತವರದ್ದಲ್ಲ. 400 ಕೆವಿ ಮಾರ್ಗಕ್ಕೆ 46 ಮೀಟರ್ ಅಗಲದ ಪಟ್ಟಿ ಬೇಕು. ಅದರೊಳಗೆ ಎತ್ತರದ ಮರಗಳಿಗೆ ಜಾಗವಿಲ್ಲ, ಎಂದರೆ ಅಡಿಕೆ ತೆಂಗುಗಳಿಗೆ ಜಾಗವಿಲ್ಲ. ಕಡಿದ ಮರಗಳನ್ನು ಎಣಿಸಿ ಪರಿಹಾರ ಬರೆಯುತ್ತಾರೆ. ಪಟ್ಟಿಯ ಅಂಚಿನಲ್ಲಿ ಉಳಿದ ಸಾಲಿಗೆ ಏನಾಗುತ್ತದೆ ಎಂಬುದು ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ.

ಅಡಿಕೆ ಮರ ಒಂದರ ನೆರಳಿನಲ್ಲಿ ಒಂದು ಬೆಳೆಯುವ ಮರ. ಅಂಚು ತೆರೆದುಕೊಂಡ ಕೂಡಲೇ ನೈರುತ್ಯದ ಇಳಿಹೊತ್ತಿನ ಬಿಸಿಲು ನೇರವಾಗಿ ಕಾಂಡಕ್ಕೆ ಬೀಳುತ್ತದೆ. ಮೊದಲು ಹೊಂಬಣ್ಣದ ಮಚ್ಚೆ ಕಾಣುತ್ತದೆ, ಅದು ಕಂದುಬಣ್ಣಕ್ಕೆ ತಿರುಗುತ್ತದೆ, ಕಾಂಡ ಸೀಳುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಾಳಿಗೆ ಅಲ್ಲೇ ಮುರಿದು ಬೀಳುತ್ತದೆ. ಆಗ ಅದರ ಹಿಂದಿನ ಸಾಲು ಬಿಸಿಲಿಗೆ ಬೀಳುತ್ತದೆ. ನಮ್ಮ ಹಿರಿಯರು ತೋಟದ ಪಡುವಣ ಅಂಚಿನ ಮರಗಳಿಗೆ ಸೋಗೆ, ಹಾಳೆ ಕಟ್ಟುತ್ತಿದ್ದುದು, ಸುಣ್ಣ ಬಳಿಯುತ್ತಿದ್ದುದು ಇದಕ್ಕೇ. ಕಾಸರಗೋಡಿನಲ್ಲೇ ಕೇಂದ್ರ ಕಚೇರಿಯಿರುವ, ವಿಟ್ಲದಲ್ಲಿ ಅಡಿಕೆಗೆಂದೇ ಪ್ರಾದೇಶಿಕ ಕೇಂದ್ರವಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಇದು ಹೊಸ ವಿಷಯವಲ್ಲ. ಪರಿಹಾರದ ಮಹಜರಿಗೆ ಅಲ್ಲಿನ ತಜ್ಞರನ್ನು ಸೇರಿಸಿಕೊಂಡು, ಅಂಚಿನ ಸಾಲುಗಳ ಮುಂದಿನ ನಷ್ಟವನ್ನೂ ಬರೆಯಿಸಬೇಕೆಂದು ಕೃಷಿಕರು ಪಟ್ಟು ಹಿಡಿಯಬೇಕು. ಕೇಂದ್ರ ವಿದ್ಯುತ್ ಸಚಿವಾಲಯ 2024ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಗೋಪುರದ ಅಡಿಯ ನೆಲಕ್ಕೆ ಭೂಮಿಯ ಮೌಲ್ಯದ ಶೇ 200ರಷ್ಟು, ತಂತಿಯ ಕೆಳಗಿನ ಪಟ್ಟಿಗೆ ಶೇ 30ರಷ್ಟು ಪರಿಹಾರವನ್ನು ಹೇಳುತ್ತದೆ. 2015ರ ಮಾರ್ಗಸೂಚಿಯಲ್ಲಿ ಇವು ಶೇ 85 ಮತ್ತು ಗರಿಷ್ಠ ಶೇ 15 ಆಗಿದ್ದವು. ಇದು ಸುಧಾರಣೆ ಹೌದು, ಆದರೆ ಮಾರ್ಗಸೂಚಿಯನ್ನು ರಾಜ್ಯಗಳು ಅಳವಡಿಸಿಕೊಂಡಾಗಲೇ ಅದಕ್ಕೆ ಬೆಲೆ, ಮತ್ತು ‘ಭೂಮಿಯ ಮೌಲ್ಯ’ ಎಂದರೆ ಕಾಗದದ ದರವೋ ಊರಿನ ದರವೋ ಎಂಬ ಜಗಳ ಉಳಿದೇ ಇದೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆಯೇ ಕಂಬ ನಿಲ್ಲಿಸುವ ಅಧಿಕಾರ 1885ರ ಟೆಲಿಗ್ರಾಫ್ ಕಾಯಿದೆಯ ಕಾಲದಿಂದ ಬಂದದ್ದು. ತಂತಿ ಹೊರುವ ಊರಿಗೆ ಒಮ್ಮೆ ಕೊಟ್ಟು ಮುಗಿಸುವ ಹಣಕ್ಕಿಂತ ವರ್ಷವರ್ಷ ಬಾಡಿಗೆ ಕೊಡುವುದೇ ನ್ಯಾಯವೆಂದು ನನಗೆ ತೋರುತ್ತದೆ.

ನೆಲದಡಿ ಕೇಬಲ್ ಹಾಕಬಾರದೇ ಎಂದು ಕೇಳಿದ್ದೀರಿ. ಪೈವಳಿಕೆ ಘಟಕವನ್ನು ಉದ್ಘಾಟಿಸಿದ ಅದೇ ದಿನ ತಮಿಳುನಾಡಿನ ಪುಗಲೂರಿನಿಂದ ತ್ರಿಶೂರಿಗೆ ಬರುವ 2,000 ಮೆಗಾವ್ಯಾಟಿನ ಮಾರ್ಗವೂ ಉದ್ಘಾಟನೆಗೊಂಡಿತು. ಜಾಗದ ಅಭಾವದಿಂದ ಕೇರಳದೊಳಗೆ ಅದರ ಒಂದು ಭಾಗವನ್ನು ನೆಲದಡಿಯ ಕೇಬಲ್ಲಾಗಿಯೇ ತರಲಾಗಿದೆ. ಆದ್ದರಿಂದ ಅಸಾಧ್ಯವೆಂಬ ಉತ್ತರವನ್ನು ಯಾರೂ ಕೊಡಬಾರದು. ಅದು ನೇರ ಪ್ರವಾಹದ ಮಾರ್ಗ, ನಮ್ಮ ಕಡೆಯದು ಪರ್ಯಾಯ ಪ್ರವಾಹದ್ದು. ಇದನ್ನು ಉದ್ದಕ್ಕೂ ನೆಲದಡಿ ಒಯ್ಯುವುದು ತಾಂತ್ರಿಕವಾಗಿ ಕಷ್ಟ, ಖರ್ಚು ಹಲವು ಪಟ್ಟು. ತೋಟಗಳು ದಟ್ಟವಾಗಿರುವ ಕಡೆ ಮಾರ್ಗವನ್ನು ಬದಲಿಸುವುದು ಹೆಚ್ಚು ಕೈಗೆಟುಕುವ ಬೇಡಿಕೆ.

ಗುಡ್ಡಗಳ ಬಗ್ಗೆ ತಾವು ಬರೆದ ನೋವು ನನ್ನದೂ ಹೌದು. ಕಡತದಲ್ಲಿ ಪಾಳು ಎಂದು ಬರೆದಿರುವ ಮುರಕಲ್ಲಿನ ಪದವು ಪಾಳಲ್ಲ. ಅಲ್ಲಿ ದನ ಮೇಯುತ್ತದೆ, ಮುಳಿಹುಲ್ಲು ಬೆಳೆಯುತ್ತದೆ, ಮಳೆನೀರು ನಿಂತು ಇಂಗುತ್ತದೆ, ಆ ಇಂಗಿದ ನೀರೇ ಕೆಳಗಿನ ಮನೆಯವರು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಬೇಸಗೆಯವರೆಗೂ ಹನಿಯುತ್ತದೆ. ಫಲಕ ಹಾಕುವ ಮುನ್ನ ಗುಡ್ಡದ ಬುಡದ ಸುರಂಗಗಳನ್ನೂ ಬಾವಿಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದು ಕೇಳುವುದು ಅಭಿವೃದ್ಧಿಗೆ ಅಡ್ಡಗಾಲು ಹಾಕಿದಂತಲ್ಲ. ಹೊರಗಿನವರು ‘ಏನೂ ಆಗುವುದಿಲ್ಲ’ ಎಂದಾಗ ನಂಬಲು ಈ ಜಿಲ್ಲೆ ಹಿಂಜರಿಯುವುದಕ್ಕೆ ಕಾರಣವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ಅದೇ ಮಾತನ್ನು ಹೇಳಿದ್ದರು; 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು. ಸೌರಫಲಕ ವಿಷವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಜಿಲ್ಲೆಯ ತೆಂಕಣ ತುದಿಯ ಚೀಮೇನಿಯಲ್ಲಿ ಹಿಂದೆ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದು, ಈಚೆಗೆ ಅಣುಸ್ಥಾವರದ ಮಾತೂ ಕೇಳಿಬಂದಿರುವಾಗ, ಕಾಸರಗೋಡನ್ನು ರಾಜಧಾನಿಯವರು ಖಾಲಿ ಜಾಗವೆಂದು ನೋಡುತ್ತಿದ್ದಾರೆಂಬ ಶಂಕೆ ಹುಟ್ಟುವುದು ಸಹಜ. ಅದನ್ನು ಹೋಗಲಾಡಿಸುವ ಕನಿಷ್ಠ ಕ್ರಮವೆಂದರೆ ಯೋಜನೆಯ ವಿವರ, ನಕ್ಷೆ, ಆಕ್ಷೇಪಣೆಯ ಗಡುವು ಎಲ್ಲವನ್ನೂ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲಿಯೂ ಕೊಟ್ಟು, ಗ್ರಾಮಸಭೆಯ ಮುಂದಿಟ್ಟು ಚರ್ಚಿಸುವುದು. ಭಾಷಾ ಅಲ್ಪಸಂಖ್ಯಾತರಾಗಿ ಇದನ್ನು ಕೇಳುವ ಹಕ್ಕು ನಮಗಿದೆ.

ಈಗ ತಮ್ಮ ಮಾಡು ಮತ್ತು ಪಂಪು. ಗುಡ್ಡದ ಮೇಲಿನ ಒತ್ತಡ ಕಡಿಮೆಯಾಗಬೇಕಾದರೆ ಮಾಡುಗಳು ತುಂಬಬೇಕು, ಆದ್ದರಿಂದ ಹಾಕಿಸಿ ಎಂದೇ ಹೇಳುತ್ತೇನೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಮತ್ತು ಅದಕ್ಕೂ ಹೆಚ್ಚಿನ ಘಟಕಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಮೂರು ಕಿಲೋವ್ಯಾಟಿಗೆ ಸುಮಾರು 300 ಚದರ ಅಡಿ ನೆರಳಿಲ್ಲದ ಜಾಗ ಬೇಕು. ತೋಟದ ನಡುವಿನ ಮನೆಗಳಿಗೆ ಇದೇ ಕಷ್ಟ. ತೆಂಗಿನ ಒಂದು ಮಡಲಿನ ನೆರಳು ಬಿದ್ದರೂ ಆ ಸಾಲಿನ ಫಲಕಗಳ ಉತ್ಪಾದನೆ ಕುಸಿಯುತ್ತದೆ. ಡಿಸೆಂಬರಿನಲ್ಲಿ ಬಿಸಿಲು ತೆಂಕಣಕ್ಕೆ ವಾಲಿದಾಗ ಮಾಡಿನ ಯಾವ ಭಾಗ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ತೆರೆದಿರುತ್ತದೆಂದು ನೋಡಿಯೇ ತೀರ್ಮಾನಿಸಿ. ಜಾಗವಿದೆಯೆಂದು ಅಡಿಕೆ ಒಣಗಿಸುವ ಅಂಗಳದ ಮೇಲೆ ಚೌಕಟ್ಟು ಏರಿಸಬೇಡಿ, ಕೊಯ್ಲಿನ ತಿಂಗಳುಗಳಲ್ಲಿ ಆ ಬಿಸಿಲು ಅಡಿಕೆಗೇ ಬೇಕು. ಮಳೆಗಾಲ ಕಳೆದ ಮೇಲೆ ಹಾವಸೆಯನ್ನು ಮೆದುಬಟ್ಟೆಯಿಂದ ಒರೆಸಬೇಕು. ಮಾರುವವರು ಹೇಳದೆ ಬಿಡುವ ವಿಷಯವೊಂದಿದೆ: ಬ್ಯಾಟರಿಯಿಲ್ಲದ ಸಾಮಾನ್ಯ ಘಟಕದಲ್ಲಿ ಲೈನಿನ ಕರೆಂಟು ಹೋದರೆ ಮಾಡಿನ ವಿದ್ಯುತ್ತೂ ತಾನಾಗಿ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮ್ಯಾನಿನ ಜೀವ ಉಳಿಯಲು ಹಾಗಿರಲೇಬೇಕು. ಕರೆಂಟು ಹೋದಾಗಲೂ ದೀಪ ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕಾಗುತ್ತದೆ, ಖರ್ಚು ಏರುತ್ತದೆ.

ಪಂಪಿನ ವಿಷಯದಲ್ಲಿ ಅವಸರ ಬೇಡ. ಐದು ಅಶ್ವಶಕ್ತಿ ಎಂದರೆ 3.7 ಕಿಲೋವ್ಯಾಟ್, ಫಲಕಗಳು ಅದಕ್ಕಿಂತ ಹೆಚ್ಚೇ ಬೇಕು. ಕೃಷಿ ಪಂಪುಗಳಿಗೆ ಸೋಲಾರ್ ಹಾಕಿಸುವ ಕೇಂದ್ರದ ಪಿಎಂ ಕುಸುಮ್ ಯೋಜನೆಯ ನಿಯಮದಂತೆ ಕೇಂದ್ರದಿಂದ ಶೇ 30, ರಾಜ್ಯದಿಂದ ಶೇ 30 ಸಹಾಯ, ಉಳಿದದ್ದು ಕೃಷಿಕನದು. ಕೇರಳದಲ್ಲಿ ಇದನ್ನು ನೋಡಿಕೊಳ್ಳುವುದು ಅನರ್ಟ್ ಎಂಬ, ನವೀಕರಿಸಬಹುದಾದ ಇಂಧನದ ಸರ್ಕಾರಿ ಸಂಸ್ಥೆ. ಕೃಷಿ ಸಂಪರ್ಕದ ಬಿಲ್ಲು ತಮಗೆ ಈಗಲೇ ಹಗುರವಾಗಿರುವುದರಿಂದ ಉಳಿಯುವ ಹಣ ಹೆಚ್ಚೇನಿಲ್ಲ. ದೊಡ್ಡ ಲಾಭವೆಂದರೆ ತುದಿಯ ಲೈನಿನ ವೋಲ್ಟೇಜಿಗೆ ಕಾಯದೆ ಹಗಲಿನಲ್ಲೇ ನೀರು ಬಿಡಬಹುದು ಎಂಬುದು. ಅನರ್ಟ್‌ನ ಜಿಲ್ಲಾ ಕಚೇರಿಯಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ, ಪಂಪಿನ ಆಳ ಮತ್ತು ಸ್ಪ್ರಿಂಕ್ಲರಿಗೆ ಬೇಕಾದ ಒತ್ತಡವನ್ನು ತಿಳಿಸಿ ಅಂದಾಜುಪಟ್ಟಿ ಪಡೆದುಕೊಳ್ಳಿ. ಅದನ್ನು ನಮಗೆ ಕಳುಹಿಸಿಕೊಟ್ಟರೆ, ಲೆಕ್ಕ ಬಲ್ಲವರಿಗೆ ತೋರಿಸಿ ಅವರ ಅಭಿಪ್ರಾಯವನ್ನು ಮುಂದಿನ ಸಂಚಿಕೆಯಲ್ಲಿ ಎಲ್ಲ ತೋಟಗಾರರಿಗೂ ಉಪಯೋಗವಾಗುವಂತೆ ಪ್ರಕಟಿಸುತ್ತೇವೆ.

ಸಂಪಾದಕ